ಎರಡನೇ ಮಹಡಿಯ ಕುಲುಕು

ಮಂಗಳವಾರ, ಮಧ್ಯಾಹ್ನ

ಅಕ್ಕನಿಗೆ ನಿನ್ನ ಬಿಚ್ಚಪ್ಪನ ನಮಸ್ಕಾರ.

ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹರಡುತ್ತಿದ್ದೆನೆಂದು ನೀನಿಟ್ಟ ಹೆಸರು; ಬೇರೆ ಯಾರಾದರೂ ಹಾಗೆ ಕರೆದರೆ ನಾನು ಓಗೊಡುವುದಿಲ್ಲ. ಅಕ್ಷರ ಸೊಟ್ಟಗಿದೆ. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು, ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಹೌದು, ನಿನ್ನ ಊರಿನ ಬಸ್ ನಿಲ್ದಾಣವೇ. ನಿನ್ನೆ ಬೆಳಿಗ್ಗೆ ಬಂದೆ. ನಿನಗೆ ಹೇಳಲಿಲ್ಲ. ಚಿಕ್ಕಂದಿನ ಹಾಗೆ ಹಿಂದಿನಿಂದ ಬಂದು ನಿನ್ನ ಕಣ್ಣು ಮುಚ್ಚೋಣ ಎಂದುಕೊಂಡಿದ್ದೆ.

ಅದಕ್ಕೆ ಮೊದಲು, ನೀನು ನೋಡಿ ಕೊಡಿಸಿದ ನನ್ನ ಮನೆ ನೋಡಿಬಿಡೋಣ ಎಂದು ಕ್ರಯಪತ್ರದಲ್ಲಿದ್ದ ವಿಳಾಸ ಹಿಡಿದು ಹೋದೆ. ಮೆಟ್ಟಿಲ ಬಳಿ ಗೋಡೆಗೆ ಬಣ್ಣ ಹೊಡೆಯುತ್ತಿದ್ದವನನ್ನು ಲಿಫ್ಟ್ ಎಲ್ಲಿ ಎಂದು ಕೇಳಿದೆ. “ಲಿಫ್ಟಾ? ಎರಡು ವರ್ಷದಿಂದ ಬರ್ತಾನೇ ಇದೆ ಸಾರ್” ಎಂದು ನಕ್ಕ. ಲಿಫ್ಟ್ ಇರಬೇಕಾದ ಕಡೆ ಹಲಗೆ ಹೊಡೆದಿತ್ತು. ಸಂದಿಯಲ್ಲಿ ಇಣುಕಿದರೆ ಕೆಳಗೆ ಒಡೆದ ಸಿಮೆಂಟ್ ಚೀಲಗಳು, ನಿಂತ ನೀರು. ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿದವನು ಲಿಫ್ಟಿಲ್ಲದ ಕಟ್ಟಡದ ಐದನೇ ಮಹಡಿಯಲ್ಲಿ ಮನೆ ಕೊಂಡಿದ್ದಾನೆ. ನಗು ಬಂದರೆ ನಕ್ಕುಬಿಡು, ಅಕ್ಕ.

ಹತ್ತಿ ಹೋದೆ. ಬಾಗಿಲಿಗೆ ಬೀಗವೇ ಇರಲಿಲ್ಲ. ನಲ್ಲಿ ತಿರುಗಿಸಿದರೆ ಬರೀ ಗಾಳಿ ಬಂತು. ಅಡುಗೆಮನೆಯ ಕಿಟಕಿ ತೆಗೆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಪಕ್ಕದವರ ಗೋಡೆ. ನೀನು ಕಳಿಸಿದ ವೀಡಿಯೋದಲ್ಲಿ ಅದೇ ಕಿಟಕಿಯಿಂದ ಶಾಲೆಯ ಮೈದಾನ ಕಾಣುತ್ತಿತ್ತು. ಬಾಡಿಗೆಯವರು ಇವತ್ತು ಬರ್ತಾರೆ, ನಾಳೆ ಬರ್ತಾರೆ ಎಂದು ನೀನು ಹನ್ನೊಂದು ತಿಂಗಳು ಹೇಳಿದ್ದು ಯಾಕೆ ಎಂಬುದು ಆಗ ತಿಳಿಯಿತು.

ಆಗಲೂ ನಿನ್ನ ಮೇಲೆ ಅನುಮಾನ ಬರಲಿಲ್ಲ. ಬಿಲ್ಡರ್ ನಿನಗೂ ಟೋಪಿ ಹಾಕಿದ್ದಾನೆ, ಪಾಪ, ಅಕ್ಕನಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಲೇ ರಸ್ತೆ ದಾಟಿ ನಿನ್ನ ಹೊಸ ‘ಬಾಡಿಗೆ ಮನೆ’ಗೆ ಬಂದೆ. ಲಿಫ್ಟ್ ಹತ್ತಿದೆ. ಎರಡನೇ ಮಹಡಿ ದಾಟುವಾಗ ಅದು ಒಮ್ಮೆ ಕುಲುಕಿ ಟಕ್ ಎಂದಿತು.

ಆ ಸದ್ದನ್ನು ವೀಡಿಯೋದಲ್ಲಿ ಎಷ್ಟು ಸಲ ಕೇಳಿದ್ದೆನೋ. ಎರಡನೇ ಮಹಡಿಯ ಹತ್ತಿರ ಏನೋ ಸಡಿಲವಾಗಿದೆ, ಬಿಲ್ಡರ್‌ಗೆ ಹೇಳು ಎಂದು ಫೋನಿನಲ್ಲಿ ನಾನೇ ಹೇಳಿದ್ದೆ. “ಹೇಳ್ತೀನಿ ಬಿಡೋ, ನಿಂದೊಂದು” ಎಂದಿದ್ದೆ ನೀನು.

ನಿನ್ನ ಬಾಗಿಲು ತೆರೆದಿತ್ತು. ಒಳಗೆ ಅಡುಗೆಮನೆ, ಕಿಟಕಿ, ಕಿಟಕಿಯಾಚೆ ಶಾಲೆಯ ಮೈದಾನ. ನೀನು ಬೆನ್ನು ಮಾಡಿ ಕೂತು ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ಕಣ್ಣು ಮುಚ್ಚಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಹೊಸಿಲಿನಿಂದಲೇ ಹಿಂದಿರುಗಿದೆ.

ಕೆಳಗೆ ಬಂದು ನಿಮ್ಮ ವಾಚ್‌ಮನ್‌ನನ್ನು ಕೇಳಿದೆ. “ಬಾಡಿಗೆ ಎಲ್ಲಿ ಸಾರ್, ಅದು ಅಮ್ಮಾವ್ರ ಸ್ವಂತದ್ದು. ರಸ್ತೆ ಆ ಕಡೆ ಖಾಲಿ ಬಿದ್ದಿದ್ದ ಮನೆಗೆ ಗಿರಾಕಿ ತಂದುಕೊಟ್ರಂತೆ, ಅದಕ್ಕೆ ಬಿಲ್ಡರ್ ಇದನ್ನ ಅರ್ಧ ರೇಟಿಗೆ ಕೊಟ್ರು” ಎಂದ. ಆ ಗಿರಾಕಿ ಯಾರು ಎಂದು ನಾನು ಕೇಳಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಬಡಕೊಂಡಿದ್ದ. ದೂರದಲ್ಲಿದ್ದು ಮನೆ ಕೊಳ್ಳುವವನು ನೆಂಟರನ್ನು ಕಳಿಸಬಾರದು, ಫೀಸು ಕೊಟ್ಟು ಗುರುತಿಲ್ಲದ ಇಂಜಿನಿಯರನ್ನು ಕಳಿಸಬೇಕು. ಮನೆಯ ಪತ್ರಗಳನ್ನು ಕೊಳ್ಳುವವನ ಕಡೆಯ ವಕೀಲರೇ ಓದಲಿ. ವೀಡಿಯೋ ರಸ್ತೆಯಿಂದ, ಕಟ್ಟಡದ ಹೆಸರಿನಿಂದ ಶುರುವಾಗಲಿ ಎಂದಿದ್ದ. ನಮ್ಮಕ್ಕ ನೋಡಿದರೆ ನಾನೇ ನೋಡಿದ ಹಾಗೆ ಎಂದು ಅವನ ಮೇಲೆ ರೇಗಿ, ನನ್ನ ಪರವಾಗಿ ಸಹಿ ಹಾಕಲು ನಿನ್ನ ಹೆಸರಿಗೆ ಅಧಿಕಾರಪತ್ರ ಬರೆದು ಕಳಿಸಿದೆ. ನಿನ್ನ ವೀಡಿಯೋ ಲಿಫ್ಟಿನ ಒಳಗಿನಿಂದಲೇ ಶುರುವಾಗಿತ್ತು. ನಾಲ್ಕು ನಿಮಿಷದಲ್ಲಿ ಮೂರು ನಿಮಿಷ ಬರೀ ಲಿಫ್ಟು: ಬಾಗಿಲು, ಗುಂಡಿಗಳು, ಒಳಗಿನ ದೀಪ. ನಾನು ಖುಷಿಯಲ್ಲಿ ನೀರಿನ ವಿಷಯ ಕೇಳಲಿಲ್ಲ, ಕಟ್ಟಡ ಯಾವುದೆಂದೂ ಕೇಳಲಿಲ್ಲ. ಲಿಫ್ಟ್ ತೋರಿಸಿದರೆ ಇವನು ಬೇರೇನೂ ನೋಡುವುದಿಲ್ಲ ಎಂಬುದು ಬಿಲ್ಡರ್‌ಗೆ ಗೊತ್ತಿರಲು ಸಾಧ್ಯವಿಲ್ಲ. ಅದು ಗೊತ್ತಿದ್ದದ್ದು ನಿನಗೊಬ್ಬಳಿಗೇ. ಮೋಸ ಹೋದದ್ದಕ್ಕಿಂತ ಇದಕ್ಕೇ ನನಗೆ ಹೊಟ್ಟೆ ಉರಿಯುತ್ತಿದೆ.

ನಿನಗೊಂದು ಮನೆ ಬೇಕಿದ್ದರೆ ಬಾಯಿಬಿಟ್ಟು ಕೇಳಬಹುದಿತ್ತು. ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಇನ್ನು ಮುಂದೆ ಆ ಬಾಡಿಗೆಯಲ್ಲೇ ಬದುಕಬೇಕು ಎಂದು ಲೆಕ್ಕ ಹಾಕಿಕೊಂಡಿದ್ದೆ.

ಇವತ್ತು ಬೆಳಿಗ್ಗೆ ವಕೀಲರ ಹತ್ತಿರ ಹೋಗಿ ಅಧಿಕಾರಪತ್ರ ರದ್ದು ಮಾಡಿಸಿದೆ. ಬಿಲ್ಡರ್ ಮೇಲೆ ದೂರು ಬರೆಸಿದೆ. ಅದರಲ್ಲಿ ನಿನ್ನ ಹೆಸರೂ ಇದೆ. ಇವರು ನಿಮಗೆ ಏನಾಗಬೇಕು ಎಂದು ವಕೀಲರು ಕೇಳಿದರು. ಒಡಹುಟ್ಟಿದವಳು ಎಂದೆ. ಅವರು ಪೆನ್ನು ಕೆಳಗಿಟ್ಟು, ಬೇಕಾದರೆ ಈ ಹೆಸರು ಬಿಡೋಣ ಎಂದರು. ಬೇಡ, ಬರೆಯಿರಿ ಎಂದೆ.

ಇನ್ನು ನನ್ನನ್ನು ಬಿಚ್ಚಪ್ಪ ಎನ್ನಬೇಡ.

ನಿನ್ನ ತಮ್ಮ

ಮತ್ತೆ ಬರೆದದ್ದು: ಲಿಫ್ಟ್ ನಿಂತಿದೆಯೆಂದು ವಾಚ್‌ಮನ್‌ನನ್ನು ಬಯ್ಯಬೇಡ. ನಿಲ್ಲಿಸಿದವನು ನಾನು. ಆ ಸದ್ದು ಕೇಳಿದ ಮೇಲೆ ಸುಮ್ಮನೆ ಹೋಗಲಾಗದೆ, ನನ್ನ ಲಿಫ್ಟ್ ಕಂಪನಿಯ ಗುರುತಿನ ಚೀಟಿ ತೋರಿಸಿ ಮೇಲಿನ ಮಷಿನ್ ಕೋಣೆ ತೆಗೆಸಿ ನೋಡಿದೆ. ಸದ್ದು ಹಳಿಯ ಸಡಿಲದ್ದು, ಅದು ಸಣ್ಣದು; ಆದರೆ ಬ್ರೇಕ್ ಪೂರ್ತಿ ಸವೆದಿದೆ. ಹೊಸದು ಹಾಕಿಸುವ ತನಕ ಹತ್ತಬೇಡ, ಮಂಡಿ ನೋವಾದರೂ ಮೆಟ್ಟಿಲಲ್ಲೇ ಓಡಾಡು. ನಾನೇ ಸರಿಮಾಡಿ ಬರುತ್ತಿದ್ದೆ. ಆದರೆ ಹೋದ ಚಳಿಗಾಲ ಕೆಲಸದಲ್ಲಿ ನನ್ನ ಬಲಗೈ ಸಿಕ್ಕಿಕೊಂಡು ಮೂರು ಬೆರಳು ಹೋದವು. ನೀನು ಗಾಬರಿಯಾಗುತ್ತೀಯೆಂದು ತಿಳಿಸಿರಲಿಲ್ಲ. ಅಕ್ಷರ ಸೊಟ್ಟಗಿರುವುದು ಬೆಂಚಿನಿಂದಲ್ಲ, ಇದು ಎಡಗೈಯಲ್ಲಿ ಬರೆದದ್ದು.