ಚಿಕ್ಕತಾಯಿಯ ಎಡಗಾಲು

ಅವ್ವಾ,

ನೀನು ತೀರಿಹೋದ ಮೇಲೆ ನಾನು ನನ್ನ ತಂಗಿ ಚಿಕ್ಕತಾಯಿಯನ್ನು ಕವಲಂದೆಯಿಂದ ನರಸೀಪುರದ ನಮ್ಮ ಮನೆಗೆ ಕರೆತಂದ ದಿನ ನೆನಪಾಗುತ್ತದೆ. ಹಾಸಿಗೆಯಿಂದ ಎತ್ತಿ ಕುರ್ಚಿಗೆ ಕೂರಿಸುವಷ್ಟರಲ್ಲೇ ನನ್ನ ಸೊಂಟ ಹಿಡಿದುಕೊಂಡಿತು. ಮೂವತ್ತೆರಡು ವರ್ಷ ನೀನೊಬ್ಬಳೇ ಹೇಗೆ ಎತ್ತಿದೆ ಅವ್ವಾ? ಒಂದು ದಿನವೂ ಬಾಯಿಬಿಟ್ಟು... ಹೋಗಲಿ ಬಿಡು. ಸುಸ್ತಾಗಿದೆ.

ಬ್ಯಾಟರಿ ಗಾಲಿಕುರ್ಚಿ ಬಂದ ದಿನ, ಇನ್ನು ನನಗೆ ಬಿಡುವು ಎಂದುಕೊಂಡೆ. ಬಲಗೈ ಇಡುವಲ್ಲಿ ಒಂದು ಕಡ್ಡಿ; ಅದನ್ನು ಬಾಗಿಸಿದ ಕಡೆ ಗಾಡಿ ಹೋಗುತ್ತದೆ. ಹುಟ್ಟಿನಿಂದಲೂ ಸೆಟೆದುಕೊಳ್ಳುವ ಅವಳ ಕೈ ನಿನಗೆ ಗೊತ್ತಲ್ಲ? ಹಿಡಿದ ಕೂಡಲೇ ಗಾಡಿ ನುಗ್ಗಿ ಗೋಡೆಗೆ ಬಡಿಯಿತು. ಮೊಣಕಾಲು ತರಚಿತು. ಆಮೇಲೆ ಬಹಳ ದಿನ ಆ ಗಾಡಿಯ ಮೇಲೆ ಒಗೆದ ಬಟ್ಟೆ ಒಣಗಿತು.

ನಂಜನಗೂಡಿನ ಥೆರಪಿ ಕೇಂದ್ರಕ್ಕೆ ಹೋದ ಮೊದಲ ಸಲ ಅಲ್ಲಿಯ ಮೇಡಂ ಗಲ್ಲದಿಂದ ನೂಕುವ ಕಡ್ಡಿ ಜೋಡಿಸಿದರು. ಜೊಲ್ಲು ಸೋರಿತು, ನಾಚಿಕೆಯಿಂದ ಅವಳು ಮುಖ ಎತ್ತಲಿಲ್ಲ. ಇನ್ನೊಂದು ಸಲ ತಲೆಯ ಎರಡೂ ಬದಿಗೆ ಗುಂಡಿ ಇಟ್ಟರು. ಯಾರೋ ಕರೆದರೆಂದು ತಿರುಗಿದರೆ ಗಾಡಿಯೂ ತಿರುಗಿಬಿಡುತ್ತಿತ್ತು. ಪ್ರತಿ ಸಲವೂ ರಜೆ ಹಾಕಿ, ಗೂಡ್ಸ್ ಆಟೊಗೆ ಗಾಡಿ ಹೇರಿ, ಹೋದ ಹಾಗೇ ವಾಪಸ್.

ಮೂರನೇ ಸಲ ಮೇಡಂ ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು. “ನಿನ್ನ ಮೈಯಲ್ಲಿ ಯಾವ್ದು ನೀನು ಹೇಳ್ದಂಗೆ ಕೇಳುತ್ತಮ್ಮಾ?” ಉತ್ತರ ನನಗೆ ಗೊತ್ತಿತ್ತು. ಅವಳು ಎಡಗಾಲಲ್ಲಿ ತಟ್ಟೆ ಸರಿಸಿದಾಗಲೆಲ್ಲ, “ಉಣ್ಣೋ ತಟ್ಟೇನ ಕಾಲಲ್ಲಿ ನೂಕ್ತೀಯೇನೇ!” ಎಂದು ಆ ಪಾದಕ್ಕೆ ನೀನು ಏಟು ಕೊಡುತ್ತಿದ್ದೆಯಲ್ಲ?

ಚಿಕ್ಕತಾಯಿ ಒಂದೊಂದೇ ಮಾತು ಎಳೆದು ಹೇಳಿದಳು. “ಕಾಲು... ಎಡಗಾಲು.” ಆಮೇಲೆ ನನ್ನ ಕಡೆ ನೋಡಿ, “ಅವ್ವ ಬೈಯಾಕಿಲ್ವಾ, ಅಕ್ಕಾ?”

“ಇಲ್ಲ ಕಣೇ, ಬೈಯಾಕಿಲ್ಲ” ಅಂದೆ. ನಿನ್ನ ಪರವಾಗಿ ನಾನೇ ಮಾತು ಕೊಟ್ಟುಬಿಟ್ಟೆ. ತಪ್ಪಾಯಿತೇ?

ಪಾದದ ಹತ್ತಿರ ಕಡ್ಡಿ ಕೂರಿಸಿಕೊಂಡು ಮನೆಗೆ ಬಂದ ಮೇಲೆ ಎರಡು ತಿಂಗಳು ಅವಳಿಗೆ ಅದೇ ಕೆಲಸ. ಹೆಬ್ಬೆರಳಿಗೆ ಬೊಬ್ಬೆ ಎದ್ದಿತು, ಗೋಡೆಯ ಗಾರೆ ಉದುರಿತು, ಕೊನೆಗೆ ಗಾಡಿ ಅವಳ ಮಾತು ಕೇಳಿತು. ನನಗೇನೂ ಬಿಡುವು ಸಿಕ್ಕಿಲ್ಲ. ಈಗಲೂ ಎತ್ತಬೇಕು, ತೊಳೆಯಬೇಕು, ಉಣಿಸಬೇಕು.

ಮೊನ್ನೆ ಬೆಳಿಗ್ಗೆ ಸೊಂಟದ ನೋವಿಗೆ ರೇಗಿ ಅವಳ ಮೇಲೆ ಕೂಗಾಡಿದೆ. “ನಿನ್ ಚಾಕರಿ ಮಾಡೀ ಮಾಡೀ ನಾನೇ ಸಾಯ್ತೀನಿ” ಎಂದೂ ಅಂದೆ. ನೀನಾಗಲಿ ನಾನಾಗಲಿ ಬೈದರೆ ಅವಳು ಅಲ್ಲೇ ಕುಳಿತು ಕೊನೆಯವರೆಗೂ ಕೇಳಬೇಕಿತ್ತು, ಎಲ್ಲಿಗೆ ಹೋದಾಳು? ಮೊನ್ನೆ ನನ್ನ ಮಾತು ಮುಗಿಯುವ ಮೊದಲೇ ಗಾಡಿ ತಿರುಗಿಸಿದಳು. ಬಾಗಿಲು ದಾಟಿ ಜಗಲಿಗೆ ಹೋಗಿ, ನನಗೆ ಬೆನ್ನು ಹಾಕಿ ಗಾಡಿ ನಿಲ್ಲಿಸಿದಳು. ಹಿಂದೆಯೇ ಹೋಗಿ ಕರೆದರೆ, “ಈಗ್ ಬರಾಕಿಲ್ಲ. ಓಗು” ಅಂದಳು.

ನಮ್ಮ ಚಿಕ್ಕತಾಯಿ ಸಿಟ್ಟು ಮಾಡಿಕೊಂಡು ಎದ್ದು ಹೋದಳು ಅವ್ವಾ.