ಅಮ್ಮನ ಕಾಲಿನ ಅಳತೆಗೆ ಇಳಿದ ಗಾಡಿ

ಗುಂಡ್ಲುಪೇಟೆ,
೧೨ ಫೆಬ್ರವರಿ ೨೦೦೬, ಭಾನುವಾರ

ಪ್ರೀತಿಯ ತಮ್ಮ ಜಾಕಿರ್‌ಗೆ ನಿನ್ನ ಅಣ್ಣನ ಸಲಾಂ.

ಹೇಗಿದ್ದೀಯಪ್ಪ? ಆ ನಿನ್ನ ಸೌದಿ ದಮ್ಮಾಮಿನಲ್ಲಿ ಚಳಿ ಬಿಟ್ಟಿತಾ? ಬೆನ್ನು ನೋವು ಅಂದಿದ್ದೆ. ಸೀಟಿನ ಹಿಂದೆ ಒಂದು ದಿಂಬು ಇಟ್ಟುಕೊಂಡು ಓಡಿಸು, ನಿನ್ನ ಶೇಖ್ ಸಾಹೇಬರು ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೀವಿ. ಪೆನ್ನು ಹಿಡಿದರೆ ನನಗೆ ಮಾತೇ ಮರೆತುಹೋಗುತ್ತೆ, ಅದಕ್ಕೇ ಈ ಕ್ಯಾಸೆಟ್ಟಿಗೆ ಮಾತಾಡ್ತಾ ಇದ್ದೀನಿ. ನಮ್ಮ ಚಿಕ್ಕಪ್ಪನ ಮಗ ಮುಷರಫ್ ಶುಕ್ರವಾರ ಅಲ್ಲಿಗೆ ಹೊರಡ್ತಾನೆ, ಅವನ ಕೈಲಿ ಕಳಿಸ್ತೀನಿ. ಅಲ್ಲಿ ಉರ್ದು ಎಷ್ಟು ಬೇಕಾದರೂ ಕಿವಿಗೆ ಬೀಳುತ್ತೆ, ಗುಂಡ್ಲುಪೇಟೆ ಕನ್ನಡ ಬೀಳಲ್ಲ ಅಂತ ಕೊರಗಿದ್ದೆಯಲ್ಲ, ತಗೋ, ಒಂದು ಕ್ಯಾಸೆಟ್ ತುಂಬ ಕೇಳು. ನಡುವೆ ಟಣ್ ಟಣ್ ಅಂತ ಕೇಳಿಸಿದರೆ ಅದು ಪಕ್ಕದ ವೆಲ್ಡಿಂಗ್ ಅಂಗಡಿ, ನಾನು ಪಾತ್ರೆ ಬಡೀತಾ ಇಲ್ಲ.

ಮೊದಲು ಫರಹತ್ ಸುದ್ದಿ. ನಮ್ಮ ತಂಗಿ ಚಾಮರಾಜನಗರದಲ್ಲಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದು ನಿನಗೆ ಗೊತ್ತು. ಕಾಲಿಗೆ ಪಟ್ಟು ಹಾಕಿ ಕಟ್ಟಿದ್ದಾರೆ, ಮಂಚ ಬಿಟ್ಟು ಏಳೋ ಹಾಗಿಲ್ಲ. ಇತ್ತ ಅಮ್ಮನಿಗೆ ಮಂಡಿ ನೋವು. ಮಗಳು ಬರೋ ಹಾಗಿಲ್ಲ, ತಾಯಿ ಹೋಗೋ ಹಾಗಿಲ್ಲ. ದಿನಾ ಸಂಜೆ ಫೋನಿನಲ್ಲಿ ಇಬ್ಬರೂ ಅಳೋದು, ಆಮೇಲೆ ಏನು ಸಾರು ಮಾಡಿದ್ರಿ ಅಂತ ಕೇಳಿಕೊಳ್ಳೋದು. ಮನೆ ಮುಂದೆ ನೀನು ಕಳೆದ ರಜೆಯಲ್ಲಿ ಕೊಂಡ ಕ್ವಾಲಿಸ್ ನಿಂತಿದೆ, ಆದರೆ ಅಮ್ಮ ಅದನ್ನು ಹತ್ತಬೇಕಲ್ಲ! ಫುಟ್‌ಬೋರ್ಡು ಬೆಸೆದೆ, ಕಾಲು ಅಲ್ಲೀತನಕ ಏಳಲಿಲ್ಲ. ಸ್ಟೂಲು ಇಟ್ಟೆ. ಅದು ಒಂದು ಸಲ ಅಲ್ಲಾಡಿತು, ಅಮ್ಮ ಅದರ ವಂಶಕ್ಕೆಲ್ಲ ಶಾಪ ಹಾಕಿ ಒಳಗೆ ಹೋದಳು. ಕೊನೆಗೆ ನಾನೂ ಮುಷರಫೂ ಎತ್ತಿ ಕೂರಿಸ್ತೀವಿ ಅಂತ ಕೈ ಚಾಚಿದೆವು. ಆಗ ಅಮ್ಮ ನನ್ನ ಕೈ ತಳ್ಳಿ ಅಂದದ್ದು ಇವತ್ತೂ ಕಿವಿಯಲ್ಲಿದೆ. "ನನ್ನನ್ನ ಗಂಡು ಮಕ್ಕಳು ಎತ್ತೋದು ಒಂದೇ ಸಲ. ಆ ದಿನ ನಾಲ್ಕು ಜನ ಹೆಗಲು ಕೊಡಿ, ಬ್ಯಾಡ ಅನ್ನಲ್ಲ. ಅದಕ್ಕೆ ಮುಂಚೆ ಕೈ ಹಾಕಿದ್ರೆ ಜೋಕೆ." ಅದಾದ ಮೇಲೆ ಯಾರು ತಾನೇ ಎತ್ತುತ್ತಾರೆ?

ನೀನು ಫೋನಿನಲ್ಲಿ ಪ್ರತೀ ಸಲ ಹೇಳ್ತೀಯ, ಅಣ್ಣಾ, ಗಾಡಿ ಎತ್ತರ ಹಾಗೇ ಇರಲಿ, ಒಂದು ಬೋಲ್ಟೂ ಮುಟ್ಟಬೇಡ ಅಂತ. ವರ್ಷವೆಲ್ಲ ಇನ್ನೊಬ್ಬರ ದೊಡ್ಡ ಗಾಡಿ ಓಡಿಸೋನಿಗೆ ತನ್ನದರಲ್ಲಿ ಒಂದು ಸಲ ಎತ್ತರಕ್ಕೆ ಕೂತು ಬಂಡೀಪುರದ ರಸ್ತೆಯಲ್ಲಿ ಹೋಗಬೇಕು ಅನ್ನೋ ಆಸೆ ನನಗೆ ಅರ್ಥ ಆಗುತ್ತೆ ಕಣೋ. ಆದರೂ ಇಳಿಸಿಬಿಟ್ಟೆ. ಅಮ್ಮ ಮನೆ ಮುಂದಿನ ಕಲ್ಲಿನ ಮೆಟ್ಟಿಲು ಹತ್ತುವಾಗ ಅವಳ ಕಾಲು ಎಷ್ಟು ಏಳುತ್ತೆ ಅಂತ ಗೋಡೆ ಪಕ್ಕ ದಾರ ಹಿಡಿದು ಅಳೆದೆ. ಆ ದಾರಕ್ಕೆ ಒಂದು ಗಂಟು. ಫುಟ್‌ಬೋರ್ಡು ಆ ಗಂಟಿಗೆ ಬರಬೇಕು, ಅಷ್ಟೇ ಲೆಕ್ಕ. ಹಿಂದಿನ ಚಕ್ರದ ಮೇಲೆ ಗಾಡಿಯ ಭಾರ ಹೊರೋ ಕಮಾನಿನ ಪ್ಲೇಟು ಬಿಚ್ಚಿ, ಬೇರೆ ಪ್ಲೇಟು ತಟ್ಟಿ ಚಪ್ಪಟೆ ಮಾಡಿ ಕೂರಿಸಿದೆ. ಮುಂದೆ ಬೋಲ್ಟು ಸಡಿಲಿಸಿದರೆ ತಾನೇ ಇಳಿಯುತ್ತೆ. ಕೇರಳಕ್ಕೆ ತರಕಾರಿ ಹೊರೋ ಗಾಡಿಗಳಿಗೆ ಪ್ಲೇಟು ಸೇರಿಸಿ ಸೇರಿಸಿ ಎತ್ತರ ಮಾಡಿದ ಕೈ ಇದು, ಇಳಿಸೋಕೆ ಹೊರಟಾಗ ಸುತ್ತಿಗೆಗೂ ಅನುಮಾನ ಬಂದಿರಬೇಕು. ತೆರಕಣಾಂಬಿ ಶಾಂತಮಲ್ಲಪ್ಪ, ಅದೇ ಅರಿಶಿನ ಸಾಗಿಸೋ ನಮ್ಮ ಗಿರಾಕಿ, ಬಂದು ನೋಡಿ ಸೊಂಟದ ಮೇಲೆ ಕೈ ಇಟ್ಟ. "ಏನ್ಲಾ ಅಜ್ಮತ್ತು, ಸಿಂಹ ಇದ್ದಂಗೆ ಇದ್ದ ಗಾಡೀನ ಕಾವಿಗೆ ಕೂತ ಕೋಳಿ ಮಾಡ್ಬುಟ್ಟಲ್ಲೋ! ನಿನ್ ತಮ್ಮ ಬಂದ್ರೆ ನಿನ್ನೇ ಪ್ಲೇಟ್ ಮಾಡಿ ತಟ್ತಾನೆ ಬುಡು."

ಒಂದು ಎಡವಟ್ಟೂ ಆಯ್ತು. ಗಾಡಿ ಖಾಲಿ ಇರುವಾಗ ಅಳತೆ ನೋಡಿದ್ದೆ, ಜನ ತುಂಬಿದರೆ ಇನ್ನೂ ತಗ್ಗುತ್ತೆ ಅನ್ನೋದನ್ನ ಈ ತಲೆ ಮರೆತಿತ್ತು. ಕಳೆದ ಭಾನುವಾರ ಅಮ್ಮ ಬುರ್ಖಾ ಸರಿಮಾಡಿಕೊಂಡು, ಹಿಡಿ ಹಿಡಿದು, ಬಿಸ್ಮಿಲ್ಲಾ ಅಂತ ತಾನೇ ಹತ್ತಿ ಕೂತಳು. ಯಾರೂ ಮುಟ್ಟಲಿಲ್ಲ. ಕೂತು ನನ್ನ ಕಡೆ ನೋಡಿದ ನೋಟ, ನೀನಿರಬೇಕಿತ್ತು ಕಣೋ. ಅಮ್ಮ ಹೊರಟಳು ಅಂತ ಮನೆಮಂದಿಯೆಲ್ಲ ಹತ್ತಿದರು. ತೆರಕಣಾಂಬಿ ರೋಡಿನ ಹಂಪಿನಲ್ಲಿ ಗಾಡಿಯ ಹೊಟ್ಟೆ ಗರ್ ಅಂತ ಉಜ್ಜಿತು. ಅಲ್ಲಿಂದ ಪ್ರತೀ ಹಂಪಿಗೂ ನಾವೆಲ್ಲ ಇಳಿದು ನಡೆಯೋದು, ಅಮ್ಮ ಒಬ್ಬಳೇ ಒಳಗೆ ಕೂತು ದಾಟೋದು, ಮತ್ತೆ ನಾವು ಹತ್ತೋದು. ಟೀ ಅಂಗಡಿ ಮುಂದೆ ಶಾಂತಮಲ್ಲಪ್ಪ ಬೇರೆ ನಿಂತಿದ್ದ, "ದಿಬ್ಬಣ ಎಲ್ಲಿಗೋಯ್ತಾ ಅದೆ?" ಅಂತ ಕೂಗಿದ. ಅಮ್ಮ ಕಿಟಕಿಯಿಂದ ನಮ್ಮನ್ನೆಲ್ಲ ನೋಡಿ ನಗುತ್ತಾ ಅಂದಳು: "ಮದುವೆ ದಿನಾನೂ ನಂಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ." ಚಾಮರಾಜನಗರ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಅಮ್ಮ ಫರಹತ್ ಮಂಚದ ಅಂಚಿಗೆ ಕೂತು ಅವಳ ತಲೆಗೆ ಎಣ್ಣೆ ಹಚ್ಚಿದಳು. ಫೋನಿನಲ್ಲಿ ಅಷ್ಟು ಅಳುತ್ತಿದ್ದವರು ಎದುರು ಕೂತಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ, ಸೊಸೆಯಂದಿರನ್ನ ಬೈದುಕೊಂಡು ಹಾಯಾಗಿದ್ದರು.

ನಿನ್ನ ಗಾಡಿಯ ಹಳೇ ಪ್ಲೇಟುಗಳಿಗೆ ಗ್ರೀಸು ಹಚ್ಚಿ, ಗೋಣಿಚೀಲ ಸುತ್ತಿ ಅಟ್ಟದ ಮೇಲಿಟ್ಟಿದ್ದೀನಿ. ಮುಂದಿನ ಬೋಲ್ಟು ಮೊದಲು ಎಲ್ಲಿತ್ತೋ ಅಲ್ಲಿ ಕೆಂಪು ಬಣ್ಣದ ಗುರುತು ಹಾಕಿದ್ದೀನಿ. ಏನೂ ಹಾಳಾಗಿಲ್ಲ, ಕೋಪ ಮಾಡಿಕೊಳ್ಳಬೇಡ. ಅಮ್ಮನ ದುವಾ, ಫರಹತ್ ಸಲಾಂ, ನನ್ನ ಮಗಳು, ನಿನ್ನ ಮುದ್ದಿನ ತಮನ್ನಾ ಹೇಳಿದ ಸಲಾಂ ಎಲ್ಲ ಸೇರಿಸಿಕೋ. ಹೊಟ್ಟೆ ತುಂಬ ಊಟ ಮಾಡು. ಅಲ್ಲಾ ನಿನ್ನನ್ನ ಕಾಪಾಡಲಿ.

ನಿನ್ನ ಅಣ್ಣ,
ಅಜ್ಮತ್ ಉಲ್ಲಾ

ಮರೆತಿದ್ದೆ, ಕ್ಯಾಸೆಟ್ಟು ಇನ್ನೂ ಸ್ವಲ್ಪ ಇದೆ, ಅಮ್ಮ ಒಳಗೆ ನಮಾಜಿಗೆ ಕೂತಿದ್ದಾಳೆ, ಬೇಗ ಹೇಳಿಬಿಡ್ತೀನಿ. ನೆನ್ನೆ ಅದೇ ದಾರ ಹಿಡಿದು ಮತ್ತೆ ನೋಡಿದೆ. ಅವಳ ಕಾಲು ಗಂಟಿನವರೆಗೆ ಬರಲಿಲ್ಲ, ಒಂದು ಬೆರಳು ಕೆಳಗೇ ನಿಂತಿತು. ಗಾಡಿಯನ್ನ ಇದಕ್ಕಿಂತ ಇಳಿಸೋಕಾಗಲ್ಲ, ಹೊಟ್ಟೆ ಈಗಲೇ ನೆಲ ಮುಟ್ಟುತ್ತೆ. ರಜೆ ಮುಂದಿನ ವರ್ಷಕ್ಕೆ ಅಂದಿದ್ದೆಯಲ್ಲ, ಅದನ್ನ ಈಗಲೇ ಕೇಳು. ಬಂದು ನೀನೇ ಓಡಿಸು, ಪಕ್ಕದಲ್ಲಿ ಅವಳನ್ನ ಕೂರಿಸಿಕೊಂಡು ಬಂಡೀಪುರಕ್ಕೆ ಹೋಗು. ಆ ಪ್ಲೇಟುಗಳನ್ನ ವಾಪಸು ಹಾಕೋದು ಅರ್ಧ ದಿನದ ಕೆಲಸ, ಅದಕ್ಕೆ ಅವಸರ ಇಲ್ಲ. ಗಾಡಿ ತಗ್ಗಿರುವಾಗಲೇ ಬಾ ಕಣೋ.