ಭಾವ ಬಾಯಿಬಿಟ್ಟ ಬೆಟ್ಟ

ಸೆಪ್ಟೆಂಬರ್ 7, ಭಾನುವಾರ, ಮಧ್ಯಾಹ್ನ

ಪೂರ್ಣ ಪ್ರಜ್ಞೆಯಿಂದ, ಯಾರ ಬಲವಂತವೂ ಇಲ್ಲದೆ, ಊಟವಾದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ: ತುರ್ತು ಚೀಲದ ಗ್ಲೂಕೋಸ್ ಬಿಲ್ಲೆಗಳನ್ನು ತಿಂದವನು ನಾನೇ. ಅಷ್ಟನ್ನೂ. ಸೋಫಾದ ಮೇಲೆ ಮಲಗಿಕೊಂಡು. ಆಗ ಒದಗಿದ್ದ ತುರ್ತು ಎಂದರೆ ಟಿವಿಯ ರಿಮೋಟ್ ಕೈಗೆ ಎಟುಕದಿದ್ದದ್ದು.

ಅಪರಾಧ ಸಣ್ಣದು, ಕಲಂ ದೊಡ್ಡದು. ನಮ್ಮ ಓಟದ ಗುಂಪಿನಲ್ಲಿ ಎಲ್ಲರ ಸೊಂಟಕ್ಕೂ ಒಂದು ಕೆಂಪು ಚೀಲ ಕಡ್ಡಾಯ. ಒಳಗೆ ಸೀಟಿ, ಬ್ಯಾಂಡೇಜು, ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಿಳಿ ಬಿಲ್ಲೆ. ಬೆಟ್ಟದ ಮೇಲೆ ತಲೆ ಸುತ್ತಿದರೆ, ಕೈ ನಡುಗಿದರೆ ಮಾತ್ರ ಬಾಯಿಗೆ. ಗುಂಪನ್ನು ನಡೆಸುವವರು ಹಲ್ಲಿನ ಡಾಕ್ಟರಮ್ಮ. ಓಟಕ್ಕೆ ಮೊದಲು ಒಬ್ಬೊಬ್ಬರ ಚೀಲವನ್ನೂ ತೆರೆಸಿ ನೋಡುತ್ತಾರೆ. ಊರಿನವರ ಬಾಯನ್ನೇ ತೆರೆಸಿದವರಿಗೆ ಚೀಲ ಯಾವ ಲೆಕ್ಕ.

ಸಂಜೆ ತಪಾಸಣೆ. ಔಷಧಿ ಅಂಗಡಿಗೆ ಇವತ್ತು ರಜೆ. ಬಚ್ಚಲಿನಲ್ಲಿ ಬಿಳಿ ಸೋಪು ಇತ್ತು, ಅಡುಗೆಮನೆಯಲ್ಲಿ ಚಾಕು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನಿಗೆ ಬದಲಿ ಸರಕಿನ ಸಿದ್ಧಾಂತ ಬೇರೆಯವರು ಕಲಿಸಬೇಕೆ?

ನಾಳೆ ಅಸಲಿ ತಂದು ಹಾಕುವುದು. ಮರೆಯಬಾರದು.

ಅದೇ ದಿನ, ಸಂಜೆ

ಪಾಸ್. ಡಾಕ್ಟರಮ್ಮ ಪೊಟ್ಟಣ ಒತ್ತಿ ನೋಡಿದರು. ಮೂಸಿಯೂ ನೋಡಿದರು. ಎಲ್ಲರ ಚೀಲವೂ ಬೆವರು ನಾತ, ಇವರ ಚೀಲ ನೋಡಿ, ಎಷ್ಟು ಶುಚಿ, ಎಂದು ನನ್ನನ್ನು ಮಾದರಿಯಾಗಿ ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ. ನಾನೂ ತಟ್ಟಿದೆ.

ಸೆಪ್ಟೆಂಬರ್ 10

ಇವಳ ಅಣ್ಣ, ಅಂದರೆ ನನ್ನ ಭಾವ, ಗುಂಪಿಗೆ ಸೇರಿದ. ನನ್ನ ಜೋಡಿಯಾಗಿ. ಇವಳದೇ ಆಜ್ಞೆ. ಭಾವ ವರ್ಷಗಳಿಂದ ಒಬ್ಬನೇ ಬೆಟ್ಟ ಹತ್ತಿ ಓಡುತ್ತಾನೆ. ಇವಳ ಚಿಂತೆ ಅವನು ಬೀಳುವುದರ ಬಗ್ಗೆ ಅಲ್ಲ. "ಬಿದ್ದರೆ ಕೂಗೋದಕ್ಕೂ ಬಾಯಿ ಬಿಡಲ್ಲ ಅವನು."

ನಿಜ. ಹೆಸರಿಗೆ ಭಾವ, ಮುಖ ನಿರ್ಭಾವ, ಮಾತಿನ ಅಭಾವ — ಸ್ವಭಾವ. (ಈ ಸಾಲನ್ನು ಊಟದ ಹೊತ್ತಿಗೆ ಹೇಳಿದೆ. ಇವಳು ಸಾರಿನ ಸೌಟನ್ನು ಎತ್ತಿದಳು, ಬಡಿಸುವುದಕ್ಕಲ್ಲ.) ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ. ದಿನವಿಡೀ ಆಡುವುದು ಮೂರೇ ಮಾತು: ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಬಿಡಿ. ನಾನು ಕ್ಲಾಸಿನಲ್ಲಿ ನೀರು ಕುಡಿಯದೆ ಗಂಟೆಗಟ್ಟಲೆ ಮಾತಾಡುವವನು. ಜೋಡಿ ಎಂದರೆ ಇದು. ಒಂದು ರೇಡಿಯೋ, ಒಂದು ರೇಡಿಯಾಲಜಿ.

ಅವನ ಎಕ್ಸ್-ರೇ ಕೋಣೆಯ ಕಿಟಕಿಯಿಂದ ದೂರದ ಬೆಟ್ಟದ ತುದಿಯ ಸಿಗ್ನಲ್ ಗೋಪುರ ಕಾಣುತ್ತದೆ. ಎರಡು ಏರು ದಾಟಿ, ಮೂರನೆಯದರ ನೆತ್ತಿ. ಒಬ್ಬಂಟಿಗರನ್ನು ಬೆಟ್ಟದ ಕಾವಲಿನವರು ಅಷ್ಟು ದೂರ ಬಿಡುವುದಿಲ್ಲ. ಗುಂಪಿಗೆ ಮಾತ್ರ ಅನುಮತಿ. ಊರಿನವರ ಎದೆಯ ಒಳಗನ್ನೆಲ್ಲ ನೋಡಿದವನು ಆ ಗೋಪುರದ ಬುಡ ಮಾತ್ರ ನೋಡಿಲ್ಲ. ನಮ್ಮ ದೊಡ್ಡ ಓಟ ಅಲ್ಲಿಗೇ, ಅಕ್ಟೋಬರ್ ಕೊನೆಗೆ. ಇದನ್ನು ಕೇಳಿದಾಗ ಭಾವನ ಎಡಗೆನ್ನೆ ಸ್ವಲ್ಪ ಅಲುಗಿತು. ಅವನ ಲೆಕ್ಕದಲ್ಲಿ ಅದು ಕುಣಿತ.

ಸೆಪ್ಟೆಂಬರ್ 14

ಮಾತಿನ ಪರೀಕ್ಷೆ. ಇದು ಡಾಕ್ಟರಮ್ಮನ ಮುಖ್ಯ ರೂಲ್. ಏರು ಹತ್ತುವಾಗ ಪ್ರತಿಯೊಬ್ಬರೂ ಒಂದು ಪೂರ್ತಿ ವಾಕ್ಯ ಹೇಳಬೇಕು. ಮಧ್ಯೆ ಉಸಿರು ತುಂಡಾದರೆ ಓಟ ಬಿಟ್ಟು ನಡೆಯಬೇಕು. ಜೋಡಿಯಲ್ಲಿ ಒಬ್ಬ ಸುಮ್ಮನಾದರೆ ಇನ್ನೊಬ್ಬ ತಕ್ಷಣ ನಿಲ್ಲಬೇಕು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದು ಬಯಲಿನ ಗಾದೆ. ಬೆಟ್ಟದಲ್ಲಿ ಮೌನ ಅಂದರೆ ಆಂಬುಲೆನ್ಸ್ ಅನ್ನುತ್ತಾರೆ.

ನಾನು ವಾಕ್ಯವಲ್ಲ, ಪ್ಯಾರಾ ಹೇಳಿದೆ. ಸಾಕು ಎಂದು ಡಾಕ್ಟರಮ್ಮ ಕೈ ಮುಗಿದರು. ಭಾವನ ಸರದಿ. ಅವನು ಬೆವರು ಕೂಡ ಬಂದಿಲ್ಲದ ಹಾಗೆ ಏರುತ್ತಿದ್ದ. ಬಹಳ ಹೊತ್ತು ಯೋಚಿಸಿ ಹೇಳಿದ: "ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ. ಬಿಡಿ."

"ಅದು ಡ್ಯೂಟಿ ಮಾತು ಸಾರ್," ಅಂದರು ಡಾಕ್ಟರಮ್ಮ. "ನಿಮ್ಮ ಮಾತು ಬೇಕು. ನಿಮಗೆ ಏನಾದರೂ ಆದರೆ ನನಗೆ ಗೊತ್ತಾಗೋದು ಹೇಗೆ?"

ಭಾವ ಗೋಪುರದ ಕಡೆ ನೋಡಿದ. ನೆಲ ನೋಡಿದ. ಬಾಯಿ ತೆರೆದು ಮುಚ್ಚಿದ. ಪಾಪ ಅನ್ನಿಸಿತು. ಆ ಗಳಿಗೆಯಲ್ಲಿ ನನ್ನ ಬಾಯಿ ನನ್ನ ಅಪ್ಪಣೆ ಕೇಳದೆ ಘೋಷಿಸಿತು: ಭಾವನ ಬಾಯಿ ಬಿಡಿಸೋದು ನನಗೆ ಬಿಡಿ. ಗೋಪುರದ ಓಟದ ಒಳಗೆ ಭಾವ ಭಾಷಣ ಮಾಡದಿದ್ದರೆ ನಾನು ಮೇಷ್ಟ್ರೇ ಅಲ್ಲ.

ಸೆಪ್ಟೆಂಬರ್ 16

ಬಿಲ್ಲೆ ತರುವುದು ಮರೆತೆ. ಇವಳು ಬಚ್ಚಲಿನಿಂದ: ಈ ಸೋಪಿಗೆ ಮೂಲೆಯೇ ಇಲ್ಲವಲ್ಲ, ಇಲಿ ತಿಂದಿತೇ? ನಾನು: ಇರಬಹುದು, ಶುಚಿಯಾದ ಇಲಿ.

ಸೆಪ್ಟೆಂಬರ್ 28

ಇಳಿಜಾರಿನ ಪಾಠ. ಹತ್ತುವುದರಲ್ಲಿ ಸುಸ್ತಾಗುತ್ತದೆ, ಇಳಿಯುವುದರಲ್ಲಿ ಮೂಳೆ ಮುರಿಯುತ್ತದೆ — ಡಾಕ್ಟರಮ್ಮ. ಪುಟ್ಟ ಹೆಜ್ಜೆ, ಮೊಣಕಾಲು ಸಡಿಲ, ಕಣ್ಣು ಕಾಲ ಮೇಲಲ್ಲ, ಮುಂದಿನ ಕಲ್ಲಿನ ಮೇಲೆ. ನನ್ನ ಕಣ್ಣು ಕೇಳುಗರ ಮೇಲೆ ಇತ್ತು. ಜಾರಿದೆ. ಕೆಳಗೆ ಹೋಗಲಿಲ್ಲ, ಯಾಕೆಂದರೆ ಹಿಂದಿನಿಂದ ಶರಟಿನ ಕಾಲರ್ ಯಾರೋ ಹಿಡಿದಿದ್ದರು. ತಿರುಗಿ ನೋಡಿದರೆ ಭಾವ. ಎಷ್ಟು ಹೊತ್ತಿನಿಂದ ಹಿಡಿದುಕೊಂಡಿದ್ದನೋ.

ಬಾಯಿ ಬಿಡಿಸುವ ಪ್ರಯತ್ನ: ಜೋಕು — ಎಡಗೆನ್ನೆ. ಪ್ರಶ್ನೆ — ತಲೆ ಅಲ್ಲಾಡಿಸುವಿಕೆ. ತಪ್ಪು ಲೆಕ್ಕ ಹೇಳಿ ತಿದ್ದಲು ಬಿಟ್ಟೆ — ಬೆರಳಲ್ಲಿ ತಿದ್ದಿದ.

ಅಕ್ಟೋಬರ್ 12

ಹಿಮ್ಮಡಿಯಲ್ಲಿ ಬೊಬ್ಬೆ. ಯಾರಿಗೂ ಹೇಳಿರಲಿಲ್ಲ (ಹೌದು, ನಾನೇ). ಓಟ ಮುಗಿದು ಕಲ್ಲಿನ ಮೇಲೆ ಕೂತಿದ್ದೆ. ಭಾವ ಬಂದು ಮಂಡಿಯೂರಿ, ನನ್ನ ಶೂ ಬಿಚ್ಚಿ, ಬೊಬ್ಬೆ ಒರೆಸಿ ಟೇಪು ಹಚ್ಚಿದ. ಸಾಕ್ಸ್ ಮಡಿಕೆ ಬೀಳದ ಹಾಗೆ ಎಳೆದ. ಎದ್ದು ಹೋದ. ಕಾಲು ಹಿಡಿದವನು ಅವನು, ಋಣ ನನ್ನದು. ಇಡೀ ದಾರಿ ಏನೂ ಹೇಳಲು ತೋಚಲಿಲ್ಲ. ಮನೆಗೆ ಬಂದಾಗ ಇವಳು ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಎಂದು.

ಅಕ್ಟೋಬರ್ 19

ಕೊನೆಯ ಪರೀಕ್ಷೆ. ಭಾವ ಮಾತಾಡಲಿಲ್ಲ. ಅವನ ಮುಖ ನೋಡಲಾಗಲಿಲ್ಲ. ನಾನು ಡಾಕ್ಟರಮ್ಮನ ಹತ್ತಿರ ವಾದಿಸಿದೆ, ಬೇಡಿದೆ, ಕೊನೆಗೆ ಒಂದು ಹಲ್ಲು ಕೀಳಿಸಿಕೊಳ್ಳಲೂ ಸಿದ್ಧನಿದ್ದೆ. ಕರಗಿದರು. ಷರತ್ತು ಎರಡು. ಪ್ರತಿ ತಿರುವಿನಲ್ಲೂ ಭಾವ ಕೈ ಎತ್ತಿ ತೋರಿಸಬೇಕು. ಮತ್ತು ಮೇಷ್ಟ್ರು ಮಾತು ನಿಲ್ಲಿಸಿದ ಜಾಗದಿಂದ ಇಬ್ಬರೂ ವಾಪಸ್. ಎರಡನೆಯ ಷರತ್ತಿಗೆ ಇಡೀ ಗುಂಪು ನಕ್ಕಿತು.

ಅಕ್ಟೋಬರ್ 26, ಬೆಳಗ್ಗೆ, ಹೊರಡುವ ಮುನ್ನ

ಇವತ್ತು ಗೋಪುರ. ಇವಳು ಇಟ್ಟ ಬಾಳೆಹಣ್ಣು, ಬ್ರೆಡ್ಡು ಮೇಜಿನ ಮೇಲೇ. ಹೊಟ್ಟೆ ಹಗುರ ಇದ್ದರೆ ಓಟ ಹಗುರ — ಸ್ವಂತ ಸಿದ್ಧಾಂತ. ಚೀಲ ತಪಾಸಣೆ ನಿನ್ನೆಯೇ ಪಾಸ್, ಮತ್ತೆ ಹೊಗಳಿಕೆ. ಭಾವ ಕೆಳಗೆ ಹಾರ್ನ್ ಒತ್ತುತ್ತಿಲ್ಲ. ಬಂದಿದ್ದಾನೆ ಎಂದರ್ಥ.

ಅಕ್ಟೋಬರ್ 26, ಸಂಜೆ

ಭಾವ ಮಾತಾಡಿದ.

ಬರೆದಿಡುತ್ತೇನೆ, ಚರಿತ್ರೆಗಿರಲಿ. ಮೂರನೆಯ ಏರಿನಿಂದ ಕೆಳಗಿನ ಪಾರ್ಕಿಂಗ್ ತನಕ, ಬಿಡುವಿಲ್ಲದೆ ಮಾತಾಡಿದ. ವಾರಗಟ್ಟಲೆ ನಡೆಸಿದ ನನ್ನ ಪ್ರಯೋಗದ ಫಲ. ಒಂದೇ ಕೊರತೆ — ಗೋಪುರ ಮುಟ್ಟಲಿಲ್ಲ. ಭಾವನ ಮೊಣಕಾಲು ಯಾಕೋ ಸರಿಯಿಲ್ಲ ಅನ್ನಿಸಿ, ಜವಾಬ್ದಾರಿಯುತನಾದ ನಾನು ಇಳಿಯುವ ತೀರ್ಮಾನ ಮಾಡಿದೆ. ಡಾಕ್ಟರಮ್ಮ ಕೇಳಿದಾಗ ಭಾವ ಹೂಂ ಎಂದು ತಲೆಯಾಡಿಸಿದ. ಸ್ವಲ್ಪ ಕುಂಟಿಯೂ ತೋರಿಸಿದ.

ಮನೆಯಲ್ಲಿ ಇವಳು ನಂಬಲಿಲ್ಲ. ಅಣ್ಣ, ನಿಜವಾಗಲೂ ಮಾತಾಡಿದೆಯಾ? ಭಾವ: "ಹೂಂ, ಆಡಿದೆ." ಇವಳ ಕಣ್ಣು ತುಂಬಿತು. ನನ್ನ ತಟ್ಟೆಗೆ ಎರಡು ಸಲ ಬಡಿಸಿದಳು. ತಿನ್ನಲಾಗಲಿಲ್ಲ. ಬಾಯಿ ಇನ್ನೂ ಒಂಥರಾ ಇದೆ. ಕಾಫಿಯೂ ಸೇರಲಿಲ್ಲ.

ನವೆಂಬರ್ 2

ಗುಂಪಿನವರ ಒತ್ತಾಯಕ್ಕೆ 'ಮೌನಿಗಳನ್ನು ಮಾತಾಡಿಸುವ ಬಗೆ' ಎಂದು ಪುಟ್ಟ ಉಪನ್ಯಾಸ ಕೊಟ್ಟೆ. ಭಾವ ಹಿಂದಿನ ಸಾಲಿನಲ್ಲಿ. ಎಡಗೆನ್ನೆ ಪೂರ್ತಿ ಹೊತ್ತು ಅಲುಗುತ್ತಿತ್ತು.

ಕೊನೆಗೆ ಡಾಕ್ಟರಮ್ಮ ಎದ್ದರು. ಗೋಪುರ ತಪ್ಪಿದವರಿಗೆ ಒಂಬತ್ತನೇ ತಾರೀಕು ಇನ್ನೊಂದು ಅವಕಾಶ. ಭಾವ ನೆಟ್ಟಗೆ ಕೂತ. "ನೀವಲ್ಲ ಸಾರ್. ಮೊಣಕಾಲು ಅಂದರೆ ಹುಡುಗಾಟ ಅಲ್ಲ. ಈ ಸೀಸನ್ ಪೂರ್ತಿ ರೆಸ್ಟ್."

ಭಾವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ನವೆಂಬರ್ 7, ಸಂಜೆ

ಈಗಷ್ಟೇ ಭಾವ ಬಂದು ಹೋದ. ಕುಂಟುತ್ತಾ ಬಂದ. ಇವಳು ನೋಡಿ, ಅಣ್ಣ, ಮೊನ್ನೆ ಎಡಗಾಲಲ್ಲವಾ ಕುಂಟುತ್ತಿದ್ದದ್ದು, ಇವತ್ತು ಬಲಗಾಲು ಹೇಗಾಯ್ತು ಅಂದಳು. ಭಾವ ನಿಂತ. ಕಾಲು ಬದಲಾಯಿಸಿದ. ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟು, "ಇನ್ಮೇಲೆ ತಿಂದು ಬಾ" ಅಂದು ಹೋದ. ಗೇಟು ದಾಟಿದ ಮೇಲೆ ಚೆನ್ನಾಗಿಯೇ ನಡೆದ.

ಪೊಟ್ಟಣದಲ್ಲಿ ಒಂದು ಡಬ್ಬಿ ಗ್ಲೂಕೋಸ್ ಬಿಲ್ಲೆ. ಕೆಳಗೆ ಒಂದು ಬಿಳಿ ಸೋಪು.

ಇವಳು ಸೋಪು ನೋಡಿದಳು. ನನ್ನನ್ನು ನೋಡಿದಳು. ಏನೂ ಕೇಳದೆ ಅದನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಮೌನ ಆ ಮನೆತನದ ಆಯುಧ.

ನಾಳೆ ಡಾಕ್ಟರಮ್ಮನಿಗೆ ಹೇಳಲೇಬೇಕು, ನಾಡಿದ್ದು ಗೋಪುರ. ಇಲ್ಲಿ ರಿಹರ್ಸಲ್.

ಮೊಣಕಾಲು ಸುಳ್ಳು. ಭಾವನ ಮೊಣಕಾಲು ಕಬ್ಬಿಣ. ಮೂರನೆಯ ಏರಿನಲ್ಲಿ ಗೋಪುರದ ಕಂಬಿ ಒಂದೊಂದೂ ಕಾಣುವಷ್ಟು ಹತ್ತಿರ ಇದ್ದೆವು. ಭಾವ ಮುಂದೆ, ಪ್ರತಿ ತಿರುವಿನಲ್ಲೂ ಕೈ ಎತ್ತುತ್ತಾ. ಸುಮ್ಮನಾದವನು ನಾನು. ವಾಕ್ಯದ ಮಧ್ಯೆ ಕರ್ತೃ ಹೋಯಿತು, ಕ್ರಿಯಾಪದ ಬರಲಿಲ್ಲ. ಕಣ್ಣು ಕತ್ತಲೆ, ಕೈ ನಡುಕ. ಖಾಲಿ ಹೊಟ್ಟೆಯ ಸಿದ್ಧಾಂತ. ದಾರಿ ಪಕ್ಕ ಕುಸಿದು ಕೂತು, ರೂಲ್ ಪ್ರಕಾರವೇ, ಕೆಂಪು ಚೀಲ ತೆರೆದೆ. ಇದ್ದಷ್ಟನ್ನೂ ಬಾಯಿಗೆ ಹಾಕಿಕೊಂಡೆ. ಅಗಿದೆ. ಆ ಮಂಪರಿನಲ್ಲಿ ಏನು ಅಗಿಯುತ್ತಿದ್ದೇನೆಂಬುದು ಕೂಡ ಹೊಳೆಯಲಿಲ್ಲ.

ಮಾತು ನಿಂತದ್ದು ಕೇಳಿ ಭಾವ ತಿರುಗಿದ. ಬಾಯಿ ತುಂಬ ನೊರೆ. ಫಿಟ್ಸ್ ಅಂದುಕೊಂಡ. ಓಡಿ ಬಂದು ತಲೆ ಹಿಡಿದುಕೊಂಡು ಕೂಗಿದ, ಬೆಟ್ಟಕ್ಕೇ ಕೇಳುವ ಹಾಗೆ: "ಏ, ಕಣ್ಣು ಬಿಡೋ! ಏನಾದರೂ ಹೇಳೋ! ನಿನ್ನ ಹಾಳು ಜೋಕಾದರೂ ಹೇಳೋ!"

ಆಮೇಲೆ ಮೂಸಿದ. ತನ್ನ ನೀರಿನಿಂದ ಬಾಯಿ ತೊಳೆಸಿದ, ತನ್ನ ಬಿಲ್ಲೆ ಒಂದೊಂದಾಗಿ ತಿನ್ನಿಸಿದ. ನಡುಕ ನಿಂತ ಮೇಲೆ ಸೊಂಟಕ್ಕೆ ಕೈ ಹಾಕಿ ಎಬ್ಬಿಸಿದ. ಗೋಪುರ ಅಲ್ಲೇ ಇದೆ, ನೀನು ಹೋಗಿ ಬಾ, ಕಾಯುತ್ತೇನೆ ಎಂದು ಸನ್ನೆ ಮಾಡಿದೆ. ಆ ಕಡೆ ತಿರುಗಿಯೂ ನೋಡಲಿಲ್ಲ. ಡಾಕ್ಟರಮ್ಮನಿಗೆ 'ಇಳಿಯುತ್ತಿದ್ದೇವೆ' ಎಂದು ಮೆಸೇಜು ಹಾಕಿ ನಡೆಸಿಕೊಂಡು ಹೊರಟ. ನಾನು ನಿದ್ದೆಗೆ ಜಾರಬಾರದು ಎಂದು ದಾರಿಯುದ್ದಕ್ಕೂ ಮಾತಾಡಿದ. ಇವಳು ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದದ್ದು, ಎಕ್ಸ್-ರೇಯಲ್ಲಿ ಯಾರೋ ನುಂಗಿದ ಕೀಲಿಕೈ ಕಂಡದ್ದು. ಎರಡನೆಯ ಏರಿನ ತಳದಲ್ಲಿ ಇದು:

"ಚಿಕ್ಕಂದಿನಿಂದ ಎಲ್ಲರೂ ಮಾತಾಡು ಮಾತಾಡು ಅಂತ ನನ್ನ ಜೀವ ತಿಂದರು. ನೀನು ಮನೆಗೆ ಬಂದೆ, ಇಬ್ಬರ ಪಾಲಿನದೂ ನೀನೇ ಆಡಿದೆ. ಅವತ್ತಿನಿಂದ ಯಾರೂ ನನ್ನನ್ನ ಕೇಳಲಿಲ್ಲ. ಎಷ್ಟು ಹಾಯಾಗಿದ್ದೆ ಗೊತ್ತಾ? ನೀನು ಸುಮ್ಮನಾಗಬಾರದಪ್ಪ."

ಇದಕ್ಕೆ ಏನಾದರೂ ಹೇಳಬೇಕಿತ್ತು. ಮೇಷ್ಟ್ರು ನಾನು, ಉಪನ್ಯಾಸ ಕೊಟ್ಟವನು ನಾನು, ಭಾವನ ಬಾಯಿ ಬಿಡಿಸಿದೆನೆಂದು ಚಪ್ಪಾಳೆ ತೆಗೆದುಕೊಂಡವನೂ ನಾನು. ನಿಜವಾಗಿ ಬಿಡಿಸಿದ್ದು ಇವಳ ಸೋಪು. ಎಷ್ಟು ತೊಳೆದರೂ ಅದು ಹೋಗಿರಲಿಲ್ಲ. ಆ ಮಾತಿಗೆ ಬಾಯಿ ತೆರೆದು ನಾನು ಕೊಟ್ಟ ಉತ್ತರ ಒಂದೇ ಒಂದು, ದುಂಡನೆಯ, ಬಿಸಿಲಿಗೆ ಏಳು ಬಣ್ಣ ಹೊಳೆಯುವ ಗುಳ್ಳೆ.